ಕೈಗುಣಕ್ಕೂ ಅಂಕ ಇರಲಿ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ,
ರಾಷ್ಟ್ರೀಯ ವೈದ್ಯಕೀಯ ಆಯೋಗದ ಸ್ನಾತಕೋತ್ತರ ಶಿಕ್ಷಣ ಮಂಡಳಿಯವರಿಗೆ,
ಸರ್ಜರಿ ಕಲಿಸುವ ಎಲ್ಲ ಪ್ರಾಧ್ಯಾಪಕರಿಗೆ

ಮಾನ್ಯರೇ,

ನಾನು ಡಾಕ್ಟರಲ್ಲ. 31 ವರ್ಷ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಿಯಾದವಳು. ಮೈಸೂರು, ಮಂಡ್ಯ ಎರಡೂ ಕಡೆ, ಸರ್ಕಾರಿ, ಖಾಸಗಿ ಎರಡೂ ಬಗೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ. ಸರ್ಜರಿ ಕಲಿಯಲು ಬಂದ ಎಷ್ಟೋ ಹುಡುಗ ಹುಡುಗಿಯರ ಕೈಗೆ ಕತ್ತರಿ, ಸೂಜಿ, ದಾರ ಕೊಟ್ಟಿದ್ದೇನೆ. ಆ ಕೈಗಳ ಬಗ್ಗೆಯೇ ಈ ಪತ್ರ.

ಕಳೆದ ತಿಂಗಳು ಮದ್ದೂರು ಕಡೆಯ ನಮ್ಮ ಊರಿನಿಂದ ತಮ್ಮ ಫೋನ್ ಮಾಡಿದ್ದ. ಅವನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಬೇಕು ಅಂದಿದ್ದಾರೆ. "ಅಕ್ಕ, ನೀನು ಅಷ್ಟು ವರ್ಷ ಅಲ್ಲೇ ಇದ್ದೋಳು. ಆ ಹೊಸ ಡಾಕ್ಟ್ರು ಕೈಗುಣ ಎಂಗದೆ?" ಅಂತ ಕೇಳಿದ.

"ಗೊತ್ತಿಲ್ಲ ಕಣೋ" ಅಂದೆ. ಹಾಗೆ ಹೇಳಲು ನನಗೇ ಸಂಕಟವಾಯಿತು. ಆ ಡಾಕ್ಟರು ಎಲ್ಲಿ ಓದಿದರು ಅಂತ ವಿಚಾರಿಸಿ ಹೇಳಬಹುದಿತ್ತು. ಯಾವ ವರ್ಷ ಎಂಎಸ್ ಮುಗಿಸಿದರು ಅಂತಲೂ ಹೇಳಬಹುದಿತ್ತು. ಥಿಯರಿಯಲ್ಲಿ ಎಷ್ಟು ಅಂಕ ಬಂತು ಅನ್ನುವುದು ಕೂಡ ಯಾವುದೋ ಕಡತದಲ್ಲಿ ಇದ್ದೇ ಇರುತ್ತದೆ. ಆದರೆ ಕೈ ಹೇಗಿದೆ ಅಂತ ಬರೆದಿಟ್ಟ ಒಂದು ಕಾಗದ ಎಲ್ಲೂ ಸಿಗುವುದಿಲ್ಲ. ನಮ್ಮ ಜನ ಡಾಕ್ಟರ ಬಗ್ಗೆ ಮೊದಲು ಕೇಳುವುದು ಏನನ್ನೋ, ಅದನ್ನೇ ಯಾರೂ ಬರೆದಿಟ್ಟಿಲ್ಲ.

ಕೈಗುಣ ಚೆನ್ನಾಗಿದೆ ಅಂತ ಒಬ್ಬರ ಬಾಯಿಂದ ಒಬ್ಬರಿಗೆ ಹರಡಿದರೆ ಸಾಕು, ಕೆ.ಆರ್. ಪೇಟೆಯಿಂದಲೂ ಬಸ್ಸು ಹತ್ತಿ ಬರುತ್ತಾರೆ. ಅದು ದೇವರು ಕೊಟ್ಟದ್ದು, ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ ಅಂತ ಅವರ ನಂಬಿಕೆ. ಟೇಬಲಿನ ಪಕ್ಕದಲ್ಲೇ ನಿಂತು ನೋಡಿದ ನನಗೆ ಹಾಗನ್ನಿಸಲಿಲ್ಲ. ಕೈಗುಣ ಕಣ್ಣಿಗೆ ಕಾಣುತ್ತದೆ. ಅದನ್ನು ಬಿಡಿಸಿ ಹೇಳಬಹುದು. ಕಲಿಸಬಹುದು. ಅಳೆಯಲೂಬಹುದು.

ಸೂಜಿಯನ್ನೇ ತೆಗೆದುಕೊಳ್ಳಿ. ಸರ್ಜರಿಯ ಸೂಜಿ ಬಾಗಿರುತ್ತದೆ. ಅದನ್ನು ನೀಡಲ್ ಹೋಲ್ಡರಿನಲ್ಲಿ ಎಲ್ಲಿ ಹಿಡಿಯುತ್ತಾರೆ ಅಂತ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ದಾರ ಇರುವ ತುದಿಯಿಂದ ಸುಮಾರು ಮೂರನೇ ಒಂದು ಭಾಗದಲ್ಲಿ ಹಿಡಿಯಬೇಕು. ಮೊನೆಯ ಹತ್ತಿರ ಹಿಡಿದರೆ ಸೂಜಿ ಪೂರ್ತಿ ದಾಟುವುದಿಲ್ಲ. ದಾರದ ಬುಡದಲ್ಲೇ ಹಿಡಿದರೆ ಸೊಟ್ಟಗಾಗುತ್ತದೆ. ಚರ್ಮಕ್ಕೆ ನೆಟ್ಟಗೆ ಚುಚ್ಚಬೇಕು. ಆಮೇಲೆ ಮಣಿಕಟ್ಟು ತಿರುಗಿಸಬೇಕು. ಸೂಜಿ ಹೇಗೆ ಬಾಗಿದೆಯೋ ಅದೇ ದಾರಿಯಲ್ಲಿ ಹೊರಗೆ ಬರಬೇಕು. ಹೊಸಬರು ತಿರುಗಿಸುವುದಿಲ್ಲ, ತಳ್ಳುತ್ತಾರೆ. ತಳ್ಳಿದ ಕಡೆ ತೂತು ಹಿಗ್ಗಿ ಹರಿಯುತ್ತದೆ. ಗಂಟಿನದೂ ಇದೇ ಕಥೆ. ಮೊದಲ ಸುತ್ತು ಒಂದು ದಿಕ್ಕಿಗೆ ಬಿದ್ದರೆ ಎರಡನೆಯದು ಎದುರು ದಿಕ್ಕಿಗೆ ಬೀಳಬೇಕು. ಎರಡೂ ಒಂದೇ ದಿಕ್ಕಿಗೆ ಬಿದ್ದರೆ ಅದು ಜಾರುಗಂಟು. ಥಿಯೇಟರಿನಲ್ಲಿ ಅದೂ ಬಿಗಿಯಾಗಿಯೇ ಕಾಣುತ್ತದೆ. ರಾತ್ರಿ ವಾರ್ಡಿನಲ್ಲಿ ರೋಗಿ ಕೆಮ್ಮಿದಾಗಲೋ ಬಿಪಿ ಏರಿದಾಗಲೋ ಸಡಿಲವಾಗುತ್ತದೆ.

ನಾನು ಹೆಚ್ಚು ನೋಡುತ್ತಿದ್ದದ್ದು ಎಡಗೈಯನ್ನು. ಬಲಗೈ ಕೆಲಸ ಮಾಡುವುದನ್ನು ಎಲ್ಲರೂ ನೋಡುತ್ತಾರೆ. ಎಡಗೈ ಸುಮ್ನೆ ಹೊಟ್ಟೆಯ ಅಂಚಿನ ಮೇಲೆ ಕೂತಿದೆಯಾ, ಅಥವಾ ಬಲಗೈಗೆ ಬೇಕಾದ ಜಾಗವನ್ನು ಮೊದಲೇ ಬಿಡಿಸಿ ಕೊಡುತ್ತಿದೆಯಾ? ಒಳ್ಳೆಯ ಸರ್ಜನ್‌ನ ಎಡಗೈ ಒಂದು ಹೆಜ್ಜೆ ಮುಂದೆ ಇರುತ್ತದೆ. ಅಂಥವರಿಗೆ ಸಾಮಾನು ಕೊಡುವಾಗ ನನಗೂ ಕೇಳಬೇಕಾದ ಪ್ರಮೇಯ ಬರುತ್ತಿರಲಿಲ್ಲ. ಮುಂದೇನು ಬೇಕು ಅಂತ ಅವರ ಕೈಯೇ ಹೇಳುತ್ತಿತ್ತು.

ಒಂದು ರಾತ್ರಿ ಇನ್ನೂ ನೆನಪಿದೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಅಪೆಂಡಿಕ್ಸ್ ಕೇಸ್. ಎರಡನೇ ವರ್ಷದ ಪಿಜಿ, ಅಂದರೆ ಎಂಎಸ್ ಓದುತ್ತಿರುವ ಡಾಕ್ಟರು, ಆಪರೇಷನ್ ಮಾಡುತ್ತಿದ್ದರು, ಮೊದಲ ವರ್ಷದವರು ಅಸಿಸ್ಟ್. ಸೀನಿಯರ್ ಪಕ್ಕದ ಥಿಯೇಟರಿನಲ್ಲಿದ್ದರು. ಆ ಹುಡುಗ ಓದಿನಲ್ಲಿ ಬಹಳ ಮುಂದು. ಸೆಮಿನಾರಿನಲ್ಲಿ ಅವನು ಮಾತಾಡಿದರೆ ಪ್ರೊಫೆಸರುಗಳೇ ತಲೆದೂಗುತ್ತಿದ್ದರು. ಹೊಟ್ಟೆ ತೆರೆದ ಮೇಲೆ ಹಲ್ಲಿರುವ ಫೋರ್ಸೆಪ್ಸಿನಿಂದ, ಅಂದರೆ ಚಿಮಟದಿಂದ, ಕರುಳು ಹಿಡಿಯಲು ಹೋದ. ಹಲ್ಲಿರುವುದು ಚರ್ಮಕ್ಕೆ. ಕರುಳಿಗೆ ಹಲ್ಲಿಲ್ಲದ್ದು ಬೇಕು. ನಾನು ಮಾತಾಡದೆ ಅದನ್ನು ತೆಗೆದು ಇದನ್ನು ಕೈಗಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಎತ್ತಿಕೊಂಡ. "ಡಾಕ್ಟರೇ, ಕರುಳು" ಅಂದೆ. ನಿಂತ. ಹಣೆ ಬೆವರಿತ್ತು. ಆಮೇಲೆ ನಿಧಾನಕ್ಕೆ, ಸರಿಯಾಗಿಯೇ ಮುಗಿಸಿದ. ರೋಗಿಗೆ ಏನೂ ಆಗಲಿಲ್ಲ. ಓಟಿ ನೋಟ್ಸಿನಲ್ಲಿ ಎಲ್ಲ ಸರಿಯಾಗಿ ನಡೆಯಿತು ಅಂತ ಬರೆದರು. ಅದು ಸುಳ್ಳೂ ಅಲ್ಲ.

ಆದರೆ ಆ ಹುಡುಗನಿಗೆ ಕರುಳನ್ನು ಮೆತ್ತಗೆ ಹಿಡಿಯುವುದನ್ನು ಇನ್ನೂ ಕಲಿಸಬೇಕು ಅನ್ನುವ ಮಾತು ಆ ರಾತ್ರಿ ನನ್ನೊಬ್ಬಳಿಗೆ ಗೊತ್ತಿತ್ತು. ಬೆಳಿಗ್ಗೆ ಡ್ಯೂಟಿ ಮುಗಿಸಿ ನಾನು ಮನೆಗೆ ಹೋದೆ. ಆ ಮಾತೂ ನನ್ನ ಜೊತೆಗೇ ಹೋಯಿತು. ಹೇಳಲು ಯಾರೂ ಕೇಳಲಿಲ್ಲ, ಬರೆಯಲು ಜಾಗವೂ ಇರಲಿಲ್ಲ.

ಅದೇ ಬ್ಯಾಚಿನಲ್ಲಿ ಇನ್ನೊಬ್ಬಳಿದ್ದಳು. ಮಾತು ಕಡಿಮೆ. ಪ್ರಶ್ನೆ ಕೇಳಿದರೆ ಗೊತ್ತಿದ್ದರೂ ತಡವರಿಸುತ್ತಿದ್ದಳು. ಡ್ಯೂಟಿ ರೂಮಿನ ಮಂಚದ ಕಂಬಿಗೆ ಅವಳು ಕಟ್ಟಿದ ಸಿಲ್ಕ್ ದಾರದ ಗಂಟುಗಳು ಸಾಲು ಸಾಲಾಗಿ ಇರುತ್ತಿದ್ದವು. ಕೇಸಿನಲ್ಲಿ ಮಿಕ್ಕ ದಾರದ ತುಂಡುಗಳನ್ನು ನನ್ನಿಂದ ಕೇಳಿ ತೆಗೆದುಕೊಳ್ಳುತ್ತಿದ್ದಳು. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅವಳ ಕೈ ನೋಡಿ ನಿಂತುಬಿಡುತ್ತಿದ್ದೆ. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಹೆದರಿದಳು, ಮೊದಲ ಸಲ ಪಾಸಾಗಲಿಲ್ಲ. ಅವಳ ಕೈಯನ್ನು ನೋಡಿದ್ದರೆ ಯಾರೂ ಅವಳನ್ನು ಫೇಲ್ ಮಾಡುತ್ತಿರಲಿಲ್ಲ. ಆದರೆ ಆ ಪರೀಕ್ಷೆಯಲ್ಲಿ ಕೈ ನೋಡುವುದೇ ಇರಲಿಲ್ಲವಲ್ಲ.

ಅಂತಿಮ ಪರೀಕ್ಷೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂರು ವರ್ಷದ ಓದು. ಥೀಸಿಸ್, ಥಿಯರಿ ಪೇಪರುಗಳು, ಆಮೇಲೆ ಪ್ರಾಕ್ಟಿಕಲ್. ಪ್ರಾಕ್ಟಿಕಲ್ ಅಂದರೆ ಒಬ್ಬ ರೋಗಿಯನ್ನು ಪೂರ್ತಿ ನೋಡಿ ಹೇಳುವ ಲಾಂಗ್ ಕೇಸ್, ಬೇಗ ನೋಡಿ ಹೇಳುವ ಶಾರ್ಟ್ ಕೇಸ್, ವೈವಾ. ಹಿಂದಿನ ದಿನ ಇನ್‌ಸ್ಟ್ರುಮೆಂಟ್ ಟೇಬಲ್ ಜೋಡಿಸುವ ಕೆಲಸ ಎಷ್ಟೋ ಸಲ ನನ್ನ ಪಾಲಿಗೆ ಬಂದಿದೆ. ಹಸಿರು ಬಟ್ಟೆ ಹಾಸಿ ಅಲಿಸ್, ಬ್ಯಾಬ್‌ಕಾಕ್, ಕೋಕರ್, ರಿಟ್ರಾಕ್ಟರುಗಳನ್ನೆಲ್ಲ ಸಾಲಾಗಿ ಇಡುತ್ತಿದ್ದೆ. ಪರೀಕ್ಷಕರು ಒಂದನ್ನು ಎತ್ತಿ ಇದೇನು ಅನ್ನುತ್ತಾರೆ. ಪಿಜಿ ಹೆಸರು ಹೇಳುತ್ತಾರೆ. ಎಲ್ಲಿ ಬಳಸುತ್ತೀರಿ, ಹೇಗೆ ಸ್ಟೆರಿಲೈಸ್ ಮಾಡುತ್ತೀರಿ ಅನ್ನುತ್ತಾರೆ. ಅದನ್ನೂ ಹೇಳುತ್ತಾರೆ. ಆಪರೇಷನ್ ಹೇಗೆ ಮಾಡುತ್ತೀರಿ ಅಂತಲೂ ಕೇಳುತ್ತಾರೆ, ಅದಕ್ಕೂ ಬಾಯಲ್ಲೇ ಉತ್ತರ. ನಾನು ಜೋಡಿಸಿದ ಟೇಬಲಿನಿಂದ ನೀಡಲ್ ಹೋಲ್ಡರ್ ಎತ್ತಿ ಕೊಟ್ಟು "ಒಂದು ಹೊಲಿಗೆ ಹಾಕಿ ತೋರಿಸಿ" ಅಂದವರನ್ನು ನಾನು ಕಾಣಲಿಲ್ಲ.

ನನ್ನ ಮೊಮ್ಮಗಳು ವೀಣೆ ಕಲಿಯುತ್ತಾಳೆ. ಜೂನಿಯರ್ ಪರೀಕ್ಷೆಗೆ ಕೂತಾಗ ಥಿಯರಿ ಬರೆದಳು. ಆಮೇಲೆ ಪರೀಕ್ಷಕರ ಮುಂದೆ ಕೂತು ನುಡಿಸಿದಳು. ಬೆರಳು ಎಲ್ಲಿ ತಪ್ಪಿತು, ತಾಳ ಎಲ್ಲಿ ಜಾರಿತು ಅಂತ ಅವರು ಎದುರಿಗೇ ನೋಡಿದರು. ಇಡೀ ಮೈಸೂರಿನಲ್ಲಿ ವೀಣೆ ನುಡಿಸದೆ ವೀಣೆ ಪರೀಕ್ಷೆ ಪಾಸಾದವರು ಒಬ್ಬರೂ ಸಿಗಲಿಕ್ಕಿಲ್ಲ.

ಲಾಗ್ ಬುಕ್ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಆಯೋಗದ 2023ರ ನಿಯಮಾವಳಿಯಲ್ಲೂ ಅದು ಕಡ್ಡಾಯ. ನೋಡಿದ್ದು, ಅಸಿಸ್ಟ್ ಮಾಡಿದ್ದು, ಹಿರಿಯರ ಸಹಾಯದಿಂದ ಮಾಡಿದ್ದು, ತಾನೇ ಮಾಡಿದ್ದು ಅಂತ ಪ್ರತಿ ಕೇಸಿಗೂ ಬರೆಯಬೇಕು. ಕ್ರಮ ಒಳ್ಳೆಯದೇ. ಆದರೆ ಅದು ನಡೆಯುವ ರೀತಿ ಹೇಳುತ್ತೇನೆ, ದಯವಿಟ್ಟು ಕೇಳಿ. ಪರೀಕ್ಷೆಗೆ ಹತ್ತು ದಿನ ಇರುವಾಗ ಥಿಯೇಟರಿನ ಟೀ ರೂಮಿನಲ್ಲಿ ಒಬ್ಬರು ಪಿಜಿ ಮೂರು ವರ್ಷದ ಲಾಗ್ ಬುಕ್ ಹಿಡಿದು ನಿಂತಿದ್ದರು. ಯುನಿಟ್ ಚೀಫ್ ಎರಡು ಕೇಸಿನ ನಡುವೆ ಕೂತಿದ್ದರು, ಪಾಪ, ಬೆಳಗಿನಿಂದ ಊಟ ಆಗಿರಲಿಲ್ಲ. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಪೆನ್ನು. ಪಿಜಿ ಹಾಳೆ ತಿರುಗಿಸಿದಂತೆ ಸಹಿ ಬೀಳುತ್ತಿತ್ತು. "ಸಿಸ್ಟರ್, ಸ್ವಲ್ಪ ಸ್ಟಾಂಪ್ ಪ್ಯಾಡ್ ಕೊಡಿ" ಅಂದರು. ಕೊಟ್ಟವಳು ನಾನೇ. ಟೀ ಆರುವ ಮೊದಲು ಮೂರು ವರ್ಷದ ಕೈಗೆ ಮುದ್ರೆ ಬಿತ್ತು. ಆ ಹಾಳೆಗಳಲ್ಲಿ ಎಷ್ಟು ಹರ್ನಿಯಾ, ಎಷ್ಟು ಹೈಡ್ರೋಸಿಲ್ ಅಂತ ಲೆಕ್ಕ ಇತ್ತು. ಹೇಗೆ ಮಾಡಿದರು ಅಂತ ಒಂದು ಸಾಲೂ ಇರಲಿಲ್ಲ. 50 ಸಲ ತಪ್ಪಾಗಿ ಹಾಕಿದ ಗಂಟೂ ಲೆಕ್ಕಕ್ಕೆ 50 ಗಂಟೇ.

ಕೈ ನೋಡಿ ಅಂಕ ಹಾಕುವ ಕೆಲಸ ಆಗದ್ದೇನಲ್ಲ. ನನ್ನ ಅಕ್ಕನ ಮಗ ಸರ್ಜನ್. ಬೇರೆ ಕಡೆ ಏನು ಮಾಡುತ್ತಾರೆ ಅಂತ ಅವನೇ ನನಗೆ ಬಿಡಿಸಿ ಹೇಳಿದ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರೆಜ್ನಿಕ್ ಮತ್ತು ಜೊತೆಯವರು 1990ರ ದಶಕದಲ್ಲಿ ಒಂದು ವಿಧಾನ ಮಾಡಿದರು. ಓಸ್ಯಾಟ್ಸ್ ಅಂತ ಅದರ ಹೆಸರು. 1997ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಸಾಲಾಗಿ ಟೇಬಲುಗಳು. ಒಂದೊಂದರಲ್ಲೂ ಒಂದೊಂದು ಕೆಲಸ, ಒಂದೊಂದಕ್ಕೂ 15 ನಿಮಿಷ. ಪಕ್ಕದಲ್ಲಿ ಒಬ್ಬ ಸರ್ಜನ್ ನಿಂತು ನೋಡುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಏಳು ವಿಷಯಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಮಾಂಸವನ್ನು ಎಷ್ಟು ಜೋಪಾನವಾಗಿ ಮುಟ್ಟುತ್ತಾರೆ, ಬೇಡದ ಓಡಾಟ ಇಲ್ಲದೆ ಕೈ ಆಡುತ್ತದಾ, ಸಾಮಾನು ಹಿಡಿಯುವುದು ಹೇಗೆ, ಸಾಮಾನಿನ ಹೆಸರು ಗೊತ್ತಾ, ಅಸಿಸ್ಟ್ ಮಾಡುವವರನ್ನು ಸರಿಯಾಗಿ ಬಳಸಿಕೊಳ್ಳುತ್ತಾರಾ, ಮುಂದಿನ ಹೆಜ್ಜೆ ತಲೆಯಲ್ಲಿದೆಯಾ, ಈ ಆಪರೇಷನ್ನಿನ ಕ್ರಮ ತಿಳಿದಿದೆಯಾ.

ಅವನು ಈ ಏಳನ್ನು ಓದಿ ಹೇಳುತ್ತಿದ್ದರೆ ನನ್ನ ಕಣ್ಣು ತುಂಬಿ ಬಂತು. 31 ವರ್ಷ ನಾನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದದ್ದು ಇದನ್ನೇ ಅಲ್ವಾ? ಹಳ್ಳಿಯವರು ಕೈಗುಣ ಅನ್ನುವುದೂ ಇದನ್ನೇ. ಅಷ್ಟು ದೂರದ ಊರಿನಲ್ಲಿ ಯಾರೋ ಅದಕ್ಕೆ ಏಳು ಹೆಸರಿಟ್ಟು ಒಂದು ಹಾಳೆಯ ಮೇಲೆ ತಂದಿದ್ದರು.

ಟೊರಾಂಟೊದವರು ಇನ್ನೊಂದನ್ನೂ ತೋರಿಸಿದರು. ಬದುಕಿರುವ ಪ್ರಾಣಿಯ ಮೇಲೆ ಮಾಡಿಸಿದರೂ ಟೇಬಲಿನ ಮೇಲಿನ ಮಾದರಿಯಲ್ಲಿ ಮಾಡಿಸಿದರೂ ಅಂಕ ಹೆಚ್ಚುಕಮ್ಮಿ ಒಂದೇ ರೀತಿ ಬಂತು. ಅಂದರೆ ಕೋಟಿ ರೂಪಾಯಿಯ ಯಂತ್ರ ಬೇಕಾಗಿಲ್ಲ. ಇದು ನಮಗೂ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಶಿಷ್ಯರಿಗೆ ಕೊಯ್ಯುವುದನ್ನು ಸೋರೆಕಾಯಿ, ಸೌತೆಕಾಯಿ, ಕಲ್ಲಂಗಡಿಯಂಥ ಕಾಯಿಗಳ ಮೇಲೆ, ಹೊಲಿಯುವುದನ್ನು ಬಟ್ಟೆ ಮತ್ತು ಮೆತ್ತನೆ ತೊಗಲಿನ ಮೇಲೆ ಕಲಿಸಬೇಕು ಅಂತಿದೆ. ಎಷ್ಟೇ ಓದಿದ್ದರೂ ಅಭ್ಯಾಸ ಮಾಡದವನು ಕೆಲಸಕ್ಕೆ ಬಾರನು ಅಂತಲೂ ಇದೆ. ಸೋರೆಕಾಯಿ ದೇವರಾಜ ಮಾರ್ಕೆಟ್ಟಿನಲ್ಲಿ ಇವತ್ತೂ ಸಿಗುತ್ತದೆ. ಮಟನ್ ಅಂಗಡಿಯಲ್ಲಿ ಹೇಳಿಟ್ಟರೆ ಕುರಿಯ ಕರುಳು ತೆಗೆದಿಟ್ಟು ಕೊಡುತ್ತಾರೆ, ತೊಳೆದು ತಂದರೆ ಕರುಳು ಜೋಡಿಸುವುದನ್ನು ಅದರ ಮೇಲೆ ಕಲಿಯಬಹುದು.

ಅಮೆರಿಕದ ಮಿಚಿಗನ್‌ನಲ್ಲಿ ನಡೆದ ಒಂದು ಅಧ್ಯಯನ ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. 2013ರಲ್ಲಿ ಪ್ರಕಟವಾದದ್ದು. ಅದರಲ್ಲಿದ್ದವರು ಪಿಜಿಗಳಲ್ಲ, ಪಳಗಿದ ಸರ್ಜನ್‌ಗಳು, 20 ಜನ. ಬೊಜ್ಜು ಇಳಿಸಲು ಮಾಡುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ನಿನ ಒಂದೊಂದು ವಿಡಿಯೋ ಕೊಟ್ಟರು. ಯಾರ ವಿಡಿಯೋ ಅಂತ ತಿಳಿಯದ ಹಾಗೆ ಬೇರೆ ಸರ್ಜನ್‌ಗಳು ಅದನ್ನು ನೋಡಿ ಅಂಕ ಹಾಕಿದರು. ಒಂದೊಂದು ವಿಡಿಯೋವನ್ನು ಕಡಿಮೆ ಅಂದರೂ ಹತ್ತು ಮಂದಿ ನೋಡಿದರು. ಕೈಗೆ ಕಡಿಮೆ ಅಂಕ ಬಂದ ಕಾಲು ಭಾಗದವರ ರೋಗಿಗಳಲ್ಲಿ 100ಕ್ಕೆ 14.5 ಮಂದಿಗೆ ತೊಂದರೆಯಾಗಿತ್ತು. ಜಾಸ್ತಿ ಅಂಕ ಬಂದ ಕಾಲು ಭಾಗದವರಲ್ಲಿ 5.2. ಎಲ್ಲರೂ ಪರೀಕ್ಷೆ ಪಾಸಾದವರೇ. ಎಲ್ಲರೂ ದಿನಾ ಆಪರೇಷನ್ ಮಾಡುವವರೇ. ಕೈ ಮಾತ್ರ ಬೇರೆ ಬೇರೆ.

ತಮ್ಮನ ಹೆಂಡತಿಗೆ ಆಗಬೇಕಾದ ಆಪರೇಷನ್ನನ್ನೇ ನೋಡಿ. ಪಿತ್ತಕೋಶವನ್ನು ಈಗ ಸಣ್ಣ ತೂತಿನಿಂದ ಕ್ಯಾಮೆರಾ ಇರುವ ಲ್ಯಾಪ್ರೋಸ್ಕೋಪ್ ಹಾಕಿ ತೆಗೆಯುತ್ತಾರೆ. ಇದರಲ್ಲಿ ದೊಡ್ಡ ಭಯ ಅಂದರೆ ಪಿತ್ತಕೋಶದ ನಾಳ ಅಂದುಕೊಂಡು ಲಿವರಿನಿಂದ ಬರುವ ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವುದು. ಹಾಗಾದರೆ ಆ ರೋಗಿಯ ಬದುಕೇ ಬದಲಾಗುತ್ತದೆ. ಅದಕ್ಕೇ 1995ರಲ್ಲಿ ಸ್ಟ್ರಾಸ್‌ಬರ್ಗ್ ಅನ್ನುವ ಸರ್ಜನ್ ಒಂದು ಕ್ರಮ ಹೇಳಿದರು. ಕ್ಲಿಪ್ ಹಾಕುವ ಮೊದಲು ಆ ಜಾಗದ ಕೊಬ್ಬು ಪೂರ್ತಿ ಬಿಡಿಸಬೇಕು. ಪಿತ್ತಕೋಶದ ಕೆಳಭಾಗವನ್ನು ಲಿವರಿನಿಂದ ಬೇರ್ಪಡಿಸಬೇಕು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು ಅಂತ ಕಣ್ಣಾರೆ ಕಾಣಬೇಕು, ಒಂದು ನಾಳ, ಒಂದು ರಕ್ತನಾಳ. ಆಮೇಲೆ ಕ್ಲಿಪ್.

ಇದನ್ನು ಯಾಕೆ ಇಷ್ಟು ಬಿಡಿಸಿ ಬರೆದೆ ಅಂದರೆ, ಅಲ್ಲಿ ಕ್ಯಾಮೆರಾ ಮೊದಲೇ ಇದೆ. ಹೊಟ್ಟೆಯ ಒಳಗಿನದೆಲ್ಲ ಪರದೆಯ ಮೇಲೆ ಕಾಣುತ್ತಿರುತ್ತದೆ. ರೆಕಾರ್ಡ್ ಗುಂಡಿ ಒತ್ತಿದರೆ ಆಯಿತು. ರೋಗಿಯ ಮುಖ ಅದರಲ್ಲಿ ಬರುವುದಿಲ್ಲ, ಪಿಜಿಯ ಮುಖವೂ ಬರುವುದಿಲ್ಲ. ರೋಗಿಯ ಒಪ್ಪಿಗೆ ತೆಗೆದುಕೊಂಡು, ಹೆಸರು ತೆಗೆದು, ಮೈಸೂರಿನ ವಿಡಿಯೋವನ್ನು ಹುಬ್ಬಳ್ಳಿಯ ಸರ್ಜನ್ ನೋಡಿ ಅಂಕ ಕೊಡಬಹುದು. ಕ್ಲಿಪ್ ಹಾಕುವ ಮುಂಚೆ ಆ ಎರಡು ನಾಳ ಸರಿಯಾಗಿ ಕಂಡಿತ್ತಾ ಇಲ್ಲವಾ ಅನ್ನುವುದಕ್ಕೆ ಒಂದು ಫೋಟೋ ಸಾಕು. ಗುರು ಶಿಷ್ಯನ ಮೇಲೆ ಪ್ರೀತಿಗೋ ಕೋಪಕ್ಕೋ ಅಂಕ ಹಾಕುತ್ತಾರೆ ಅನ್ನುವ ದೂರಿಗೂ ಇದರಲ್ಲಿ ಉತ್ತರ ಇದೆ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಚಾರ. ಅಮೆರಿಕದ ಸರ್ಜರಿ ಬೋರ್ಡ್ 2023ರ ಜುಲೈನಿಂದ ತನ್ನ ಪಿಜಿಗಳನ್ನು 18 ಕೆಲಸಗಳಲ್ಲಿ ಹೀಗೆ ನೋಡುತ್ತಿದೆ: ಈ ಕೆಲಸವನ್ನು ಇವರ ಕೈಗೆ ಎಷ್ಟರ ಮಟ್ಟಿಗೆ ಒಪ್ಪಿಸಬಹುದು? ಪಕ್ಕದಲ್ಲೇ ನಿಂತು ಕೈ ಹಿಡಿದು ಮಾಡಿಸಬೇಕಾ, ಎದುರಿಗೆ ನಿಂತು ನೋಡಿದರೆ ಸಾಕಾ, ಫೋನಿಗೆ ಸಿಕ್ಕರೆ ಸಾಕಾ? ನಮ್ಮ ಥಿಯೇಟರಿನ ಭಾಷೆಯಲ್ಲಿ ಹೇಳುವುದಾದರೆ, ಇವರ ಕೈಗೆ ಕೇಸ್ ಬಿಟ್ಟು ನಾನು ಟೀಗೆ ಹೋಗಬಹುದಾ? ಈ ಪ್ರಶ್ನೆಗೆ ನಮ್ಮ ಪ್ರತಿ ಯುನಿಟ್ ಚೀಫ್ ಮನಸ್ಸಿನಲ್ಲೂ ಪ್ರತಿ ಪಿಜಿಯ ಬಗ್ಗೆ ಉತ್ತರ ಇರುತ್ತದೆ. ನನ್ನ ಮನಸ್ಸಿನಲ್ಲೂ ಇರುತ್ತಿತ್ತು. ಅದನ್ನು ಕೇಸ್ ಮುಗಿದ ಮೇಲೆ, ಗೌನ್ ಬಿಚ್ಚುವಷ್ಟರಲ್ಲಿ, ಎರಡು ಸಾಲು ಬರೆಯಿರಿ ಅನ್ನುವುದೇ ನನ್ನ ಬೇಡಿಕೆ. ಸಹಿ ಅವತ್ತೇ ಬೀಳಬೇಕು. ಕೈ ತೊಳೆದು ಗೌನ್ ಹಾಕಿ ಆ ಕೇಸಿಗೆ ಜೊತೆಗೆ ನಿಂತಿದ್ದವರದೇ ಬೀಳಬೇಕು. ವಾರ ಕಳೆದರೆ ಆ ಪುಟಕ್ಕೆ ಬೀಗ ಬೀಳಲಿ. ಫೋನಿನಲ್ಲೇ ತುಂಬುವ ಹಾಗೆ ಮಾಡುವುದು ಈಗೇನು ಕಷ್ಟ?

ಸಮಯ ಎಲ್ಲಿದೆ ಅಂತ ಪ್ರಾಧ್ಯಾಪಕರು ಕೇಳುತ್ತಾರೆ. ಅವರ ಕಷ್ಟ ನಾನು ಕಂಡಿದ್ದೇನೆ. ಬೆಳಿಗ್ಗೆ ಓಪಿಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮಧ್ಯಾಹ್ನ ಲಿಸ್ಟ್ ಉದ್ದ, ರಾತ್ರಿ ಎಮರ್ಜೆನ್ಸಿ. ಆದರೂ ನೋಡುವ ಕೆಲಸವನ್ನು ಅವರು ದಿನಾ ಮಾಡುತ್ತಲೇ ಇದ್ದಾರೆ. ಬರೆಯುವುದು ಮಾತ್ರ ಬಾಕಿ. ಪ್ರತಿ ಕೇಸಿಗೂ ಬೇಡ. ಆರು ತಿಂಗಳಿಗೆ ಒಬ್ಬೊಬ್ಬ ಪಿಜಿಗೆ ನಾಲ್ಕೈದು ಸಲ, ಬೇರೆ ಬೇರೆ ಜನ ನೋಡಿ ಬರೆದರೂ ಸಾಕು. ಒಬ್ಬರ ಕಣ್ಣು ತಪ್ಪಬಹುದು, ಹತ್ತು ಜನರ ಕಣ್ಣು ಒಟ್ಟಿಗೆ ತಪ್ಪುವುದು ಅಪರೂಪ.

ಆ ಕಣ್ಣುಗಳಲ್ಲಿ ಥಿಯೇಟರ್ ಸಿಸ್ಟರದೂ ಒಂದಿರಲಿ ಅಂತ ಕೈ ಮುಗಿದು ಕೇಳುತ್ತೇನೆ. ಅಂಕ ಕೊಡುವ ಅಧಿಕಾರ ನಮಗೆ ಬೇಡ. ಬರೆಯಲು ಒಂದು ಜಾಗ ಬೇಕು, ಅಷ್ಟೇ. ಮಾಪ್, ಅಂದರೆ ರಕ್ತ ಒರೆಸುವ ಬಟ್ಟೆ, ಎಣಿಸುವವರು ನಾವು. ಸೂಜಿ ಎಣಿಸುವವರು ನಾವು. ಕೇಸ್ ಬಿಗಿಯಾದಾಗ ಯಾರ ದನಿ ಏರುತ್ತದೆ, ಯಾರು ನಿಧಾನಿಸುತ್ತಾರೆ ಅಂತ ಮೊದಲು ತಿಳಿಯುವುದೂ ನಮಗೇ.

ಬೈಗುಳದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ಪಿಜಿಗಳಿಗೆ ಕೈಯ ಬಗ್ಗೆ ಸಿಗುವ ಒಂದೇ ಉತ್ತರ ಬೈಗುಳ. "ನಿನಗೆ ಕೈಯೇ ಇಲ್ಲ" ಅಂದವರನ್ನು ಕೇಳಿದ್ದೇನೆ. ಫೋರ್ಸೆಪ್ಸ್ ನೆಲಕ್ಕೆ ಎಸೆದದ್ದನ್ನು ಹೆಕ್ಕಿದ್ದೇನೆ. 30 ಗಂಟೆ ನಿದ್ದೆ ಇಲ್ಲದೆ ನಿಂತ ಹುಡುಗಿ ಅದನ್ನು ಕೇಳಿ ಮಾಸ್ಕಿನೊಳಗೇ ಅತ್ತದ್ದು ನೋಡಿದ್ದೇನೆ. ಅವಳು ಕಲಿತದ್ದಾದರೂ ಏನು? ಯಾವ ಬೆರಳು ತಪ್ಪಿತು ಅಂತ ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. "ಸೂಜಿ ತಳ್ಳಬೇಡ, ಮಣಿಕಟ್ಟು ತಿರುಗಿಸು, ಇವತ್ತು ಐದಕ್ಕೆ ಎರಡು, ಮುಂದಿನ ತಿಂಗಳು ಮತ್ತೆ ನೋಡುತ್ತೇನೆ" ಅಂದಿದ್ದರೆ ಅವಳು ಅವತ್ತು ರಾತ್ರಿಯೇ ದಾರ ಹಿಡಿದು ಕೂರುತ್ತಿದ್ದಳು. ಕೈ ಇನ್ನೂ ಪಳಗಿಲ್ಲ ಅಂತ ಕಂಡುಬಂದವರಿಗೆ ಅವಮಾನ ಬೇಡ, ಇನ್ನಷ್ಟು ಕೇಸ್ ಕೊಡಿ, ಇನ್ನಷ್ಟು ತಿಂಗಳು ಕೊಡಿ. ಸ್ಕಿಲ್ ಲ್ಯಾಬಿನ ಬೀಗದ ಕೈಯನ್ನು ಯಾರದೋ ಬೀರುವಿನಲ್ಲಿ ಇಡಬೇಡಿ. ನೈಟ್ ಡ್ಯೂಟಿ ಸಿಸ್ಟರ ಹತ್ತಿರ ಇಡಿ. ಪಿಜಿಗಳಿಗೆ ಬಿಡುವು ಸಿಗುವುದೇ ರಾತ್ರಿ ಎರಡರ ಮೇಲೆ.

ಕೈಯೇ ಎಲ್ಲ ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಆಪರೇಷನ್ ಬೇಡ ಅಂತ ತಿಳಿಯುವುದು ಇನ್ನೂ ದೊಡ್ಡದು. ನನ್ನ ಮನಸ್ಸಿನಲ್ಲಿ ಎಲ್ಲರಿಗಿಂತ ಮೇಲೆ ಉಳಿದ ಒಬ್ಬರು ಪಿಜಿ ಇದ್ದಾರೆ. ರಾತ್ರಿ ಎರಡಕ್ಕೆ, ಹೊಟ್ಟೆ ತೆರೆದ ಮೇಲೆ, ಕೈ ಹಿಂದಕ್ಕೆ ತೆಗೆದು "ಸಿಸ್ಟರ್, ಇದು ನನ್ನಿಂದ ಆಗಲ್ಲ, ಸರ್‌ಗೆ ಫೋನ್ ಮಾಡಿಸಿ" ಅಂದರು. ಸರ್ ಬರುವವರೆಗೆ ಮಾಪ್ ಒತ್ತಿ ಹಿಡಿದು ಅಲುಗಾಡದೆ ನಿಂತರು. ಅದೂ ಕೈಗುಣವೇ. ಅದಕ್ಕೂ ಹಾಳೆಯಲ್ಲಿ ಒಂದು ಸಾಲು ಇರಬೇಕು.

ಯಾಕೆಂದರೆ ಮೈಸೂರಿನಲ್ಲಿ ಫೋನ್ ಮಾಡಿದರೆ ಬರಲು ಸರ್ ಇದ್ದಾರೆ. ಪಾಸಾಗಿ ಹೋದ ಮೇಲೆ ನಾಗಮಂಗಲದಲ್ಲೋ ಮಳವಳ್ಳಿಯಲ್ಲೋ ಆ ತಾಲ್ಲೂಕು ಆಸ್ಪತ್ರೆಗೆ ಅವರೊಬ್ಬರೇ ಸರ್ಜನ್ ಆಗಿರಬಹುದು. ಹಿಂದೆ ತಿರುಗಿ ನೋಡಿದರೆ ಸಿಸ್ಟರ್ ಮಾತ್ರ ಇರುತ್ತಾರೆ. ಪಿಜಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಹೋಗಬೇಕು ಅನ್ನುವ ನಿಯಮ ಈಗ ಇದೆ, ಒಳ್ಳೆಯದೇ ಆಯಿತು. ಆ ಮೂರು ತಿಂಗಳಲ್ಲಿ ಅವರ ಕೈಯನ್ನು ಜಿಲ್ಲೆಯ ಸರ್ಜನ್‌ಗಳೂ ನೋಡಿ ಬರೆಯಲಿ. ಅವರು ಮುಂದೆ ಯಾವ ಜಾಗದಲ್ಲಿ ಒಂಟಿಯಾಗಿ ನಿಲ್ಲಬೇಕೋ, ಅಲ್ಲಿಯವರ ಅಭಿಪ್ರಾಯಕ್ಕೆ ತೂಕ ಇರಲಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಸರ್ಜರಿ ಕಲಿಯುವುದು ಯಾರ ಮೈ ಮೇಲೆ? ದುಡ್ಡಿದ್ದವರ ಮೈ ಮೇಲೆ ಅಲ್ಲ. ಕಬ್ಬಿನ ಗದ್ದೆಯಲ್ಲಿ ಭಾರ ಹೊತ್ತು ಹರ್ನಿಯಾ ಆದವರ ಮೇಲೆ. ಆಸ್ಪತ್ರೆಯ ಮರದ ಕೆಳಗೆ ಚಾಪೆ ಹಾಸಿ ಎರಡು ದಿನ ಕಾದವರ ಮೇಲೆ. ಅವರು ಯಾವತ್ತೂ ಬೇಡ ಅಂದಿಲ್ಲ. "ಕಲೀಲಿ ಬಿಡವ್ವ, ಅವ್ರೂ ನಮ್ಮ ಮಕ್ಕಳಂಗೆ" ಅಂತ ಒಬ್ಬರು ಅಜ್ಜಿ ಟೇಬಲಿನ ಮೇಲೆ ಮಲಗಿ ನನಗೆ ಹೇಳಿದ್ದರು. ಆ ಅಜ್ಜಿಯ ಋಣ ನಿಮ್ಮ ಮೇಲೂ ಇದೆ, ನನ್ನ ಮೇಲೂ ಇದೆ.

ಹೊಸದನ್ನು ಎಲ್ಲಿಂದ ಶುರು ಮಾಡುವುದು ಅಂತ ಯೋಚಿಸುತ್ತಿದ್ದರೆ, ನಮ್ಮ ಕಡೆಯಿಂದಲೇ ಶುರು ಮಾಡಿ. 1924ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಮಂಡ್ಯಕ್ಕೆ 2006ರಲ್ಲಿ ಕಾಲೇಜು ಬಂತು. ಹಳೆಯದೊಂದು, ಹೊಸದೊಂದು, ನಡುವೆ ಒಂದು ಗಂಟೆಯ ದಾರಿ. ಇಲ್ಲಿನವರು ಅಲ್ಲಿಗೆ, ಅಲ್ಲಿನವರು ಇಲ್ಲಿಗೆ ಹೋಗಿ ಪಿಜಿಗಳ ಕೈ ನೋಡಬಹುದು. ಮುಂದಿನ ಬ್ಯಾಚಿಗೆ ನಾಲ್ಕು ಟೇಬಲ್ ಹಾಕಿ: ಒಂದರಲ್ಲಿ ಗಂಟು, ಒಂದರಲ್ಲಿ ಚರ್ಮದ ಹೊಲಿಗೆ, ಒಂದರಲ್ಲಿ ಕರುಳಿನ ಜೋಡಣೆ, ಒಂದರಲ್ಲಿ ಲ್ಯಾಪ್ರೋಸ್ಕೋಪ್ ಅಭ್ಯಾಸ ಮಾಡುವ ಪೆಟ್ಟಿಗೆ. ಮೊದಲ ವರ್ಷ ಅದನ್ನು ಪಾಸು ಫೇಲಿಗೆ ಲೆಕ್ಕ ಹಿಡಿಯಬೇಡಿ, ಬರೆದಿಡಿ ಸಾಕು. ಎರಡನೇ ವರ್ಷದಿಂದ ಅಂತಿಮ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇರಲಿ.

ತಮ್ಮನ ಹೆಂಡತಿಯ ಆಪರೇಷನ್ ಮುಂದಿನ ವಾರ. ಜೊತೆಗೆ ನಾನೂ ಹೋಗುತ್ತಿದ್ದೇನೆ. ಅದು ಮುಗಿದ ಮೇಲೆ ನನಗೆ ಬಿಡುವಿದೆ. ಯಾವ ಕಾಲೇಜು ಕರೆದರೂ ಬರುತ್ತೇನೆ, ಸಂಭಾವನೆ ಬೇಡ. ಗಂಟಿನ ಟೇಬಲ್ ನನಗೆ ಕೊಡಿ. ಸಿಲ್ಕ್ ದಾರ ಮನೆಯಲ್ಲಿ ಇನ್ನೂ ಎರಡು ರೀಲ್ ಇದೆ, ಅದನ್ನೂ ತರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಥಿಯೇಟರ್ ಸಿಸ್ಟರ್
ಸರಸ್ವತಿಪುರಂ, ಮೈಸೂರು